ಮಾಲಿನ್ಯಕ್ಕೆ ವಿಟಮಿನ್ ಗುಳಿಗೆ ಮದ್ದಲ್ಲ

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರಲ್ಲಿ ಸಮುದ್ರದ ಒಂದು ಪುಟ್ಟ ಶಂಖುಹುಳುವಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹುಳುವಿನ ಹೆಸರು ಕ್ರೋನಿಯಾ ಕೊಂಕಣೆನ್ಸಿಸ್. ಅದರ ಹೆಣ್ಣುಗಳಿಗೆ ಗಂಡಿನ ಜನನಾಂಗ ಬೆಳೆದಿತ್ತು. ಇಂಗ್ಲೆಂಡಿನ ಪ್ಲಿಮತ್ ತೀರದಲ್ಲಿ 1970ರಲ್ಲೇ ಇಂಥದು ದಾಖಲಾಗಿತ್ತು. ವಿಜ್ಞಾನಿಗಳು ಇದನ್ನು ಇಂಪೊಸೆಕ್ಸ್ ಎನ್ನುತ್ತಾರೆ. ಕೆಲವು ಜಾತಿಗಳಲ್ಲಿ ಹೀಗೆ ಬೆಳೆದ ಅಂಗ ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತದೆ. ಇದಕ್ಕೆ ಕಾರಣ ಟ್ರೈಬ್ಯುಟೈಲ್‌ಟಿನ್, ಚಿಕ್ಕದಾಗಿ ಟಿಬಿಟಿ. ಹಡಗಿನ ತಳಕ್ಕೆ ಚಿಪ್ಪು, ಪಾಚಿ ಕಚ್ಚದಿರಲೆಂದು ಬಳಿಯುತ್ತಿದ್ದ ಬಣ್ಣದಲ್ಲಿದ್ದ ತವರದ ರಾಸಾಯನಿಕ ಅದು. ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಸೂಕ್ಷ್ಮ ಜಾತಿಯ ಹುಳುಗಳ ಮೇಲೆ ಅದು ಕೆಲಸ ಮಾಡುತ್ತದೆ.

ಇಷ್ಟು ಕಡಿಮೆ ಪ್ರಮಾಣದ ವಸ್ತು ಒಂದು ಜೀವಿಯ ಲಿಂಗದ ಗುರುತನ್ನೇ ಬದಲಿಸುವುದು ಹೇಗೆ? ಉತ್ತರ ಬಂದದ್ದು 2004ರಲ್ಲಿ, ಜಪಾನಿನ ಸಂಶೋಧಕರಿಂದ. ಟಿಬಿಟಿ ಹೋಗಿ ಕೂರುವುದು ಜೀವಕೋಶದೊಳಗಿನ ಆರ್‌ಎಕ್ಸ್‌ಆರ್ ಎಂಬ ಗ್ರಾಹಕ ಪ್ರೋಟೀನಿನ ಮೇಲೆ. ಅದು ವಿಟಮಿನ್ ಎ ವಂಶದ ಅಣುವಿಗೆಂದೇ ಇರುವ ಜಾಗ. ಅದನ್ನು ಖಚಿತಪಡಿಸಲು ಅವರು ವಿಟಮಿನ್ ಎಯಿಂದ ಹುಟ್ಟುವ 9-ಸಿಸ್ ರೆಟಿನಾಯಿಕ್ ಆಮ್ಲವನ್ನು ಹೆಣ್ಣು ಹುಳುಗಳಿಗೆ ಚುಚ್ಚಿದರು. ಬಣ್ಣದ ಸೋಂಕೇ ಇಲ್ಲದ ಆ ಹುಳುಗಳಲ್ಲೂ ಗಂಡಿನ ಅಂಗ ಬೆಳೆಯಿತು.

ಕಾರವಾರ, ಅಂಕೋಲೆಯ ಓದುಗರಿಗೆ ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಬೈತಖೋಲದ ವಾಣಿಜ್ಯ ಬಂದರು, ಮೀನುಗಾರಿಕೆ ಬಂದರು, 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ, ಮುದಗಾ, ಬೇಲೆಕೇರಿ, ಹೊಸ ಬಂದರಿನ ಯೋಜನೆ ಬಂದಿರುವ ಕೇಣಿ, ಇವೆಲ್ಲ ಒಂದೇ ಸಾಲಿನಲ್ಲಿವೆ. ಹಡಗು, ಬೋಟುಗಳಿದ್ದಲ್ಲಿ ತಳದ ಬಣ್ಣವೂ ಇರುತ್ತದೆ. ಗದ್ದೆ, ತೋಟದ ಕಡೆ ಹೋದರೆ ಶಿಲೀಂಧ್ರನಾಶಕ, ಮನೆಯೊಳಗೆ ಬಂದರೆ ಬಚ್ಚಲ ಒಲೆಯ ಹೊಗೆ. ಈ ಮೂರೂ ಬೇರೆಬೇರೆ ಬಾಗಿಲುಗಳಿಂದ ದೇಹದ ಒಂದೇ ವ್ಯವಸ್ಥೆಯೊಳಕ್ಕೆ, ಅಂದರೆ ವಿಟಮಿನ್ ಎ ವ್ಯವಸ್ಥೆಯೊಳಕ್ಕೆ, ಕೈಹಾಕಬಲ್ಲವು.

ವಿಟಮಿನ್ ಎ ಅಂದರೆ ಕಣ್ಣಿಗೆ ಒಳ್ಳೆಯದು ಎಂದಷ್ಟೇ ಶಾಲೆಯಲ್ಲಿ ಕಲಿತಿರುತ್ತೇವೆ. ಅದು ನಿಜವೇ. ಕಣ್ಣಿನ ಕೆಲಸವನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್ 1967ರಲ್ಲಿ ನೊಬೆಲ್ ಪಡೆದರು. ಆದರೆ ಈ ವಿಟಮಿನ್ನಿನ ಇನ್ನೂ ದೊಡ್ಡ ಕೆಲಸ ಜೀನುಗಳಿಗೆ ಸಂಕೇತ ಕೊಡುವುದು. ತಿಂದ ವಿಟಮಿನ್ ಎ ಬಹುಪಾಲು ಯಕೃತ್ತಿನ ನಕ್ಷತ್ರಾಕಾರದ ಕೋಶಗಳಲ್ಲಿ ಕೊಬ್ಬಿನ ಹನಿಗಳಾಗಿ ಸಂಗ್ರಹವಾಗುತ್ತದೆ. ಬೇಕಾದಾಗ ಒಂದು ವಾಹಕ ಪ್ರೋಟೀನನ್ನು ಹತ್ತಿ ರಕ್ತದಲ್ಲಿ ಸಾಗುತ್ತದೆ. ಕೋಶದೊಳಗೆ ಅದು ರೆಟಿನಾಯಿಕ್ ಆಮ್ಲವಾಗಿ, ಆರ್‌ಎಆರ್ ಎಂಬ ಗ್ರಾಹಕವನ್ನು ಸೇರುತ್ತದೆ. ಫ್ರಾನ್ಸಿನ ಪಿಯೆರ್ ಷಾಂಬೋನ್, ಅಮೆರಿಕದ ರೊನಾಲ್ಡ್ ಇವಾನ್ಸ್ ಅವರ ತಂಡಗಳು 1987ರಲ್ಲಿ ಈ ಗ್ರಾಹಕವನ್ನು ಪ್ರತ್ಯೇಕವಾಗಿ ಪತ್ತೆ ಮಾಡಿದವು. ಆರ್‌ಎಆರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಆರ್‌ಎಕ್ಸ್‌ಆರ್ ಜೊತೆ ಬೇಕು. ಎರಡೂ ಕೂಡಿ ಡಿಎನ್‌ಎ ಮೇಲೆ ಕೂತರೆ ಮಾತ್ರ ಜೀನು ಚಾಲೂ ಆಗುತ್ತದೆ. ರಂಪಣಿ ಬಲೆಯನ್ನು ದಡದ ಎರಡೂ ತುದಿಯಿಂದ ಎಳೆಯುವವರು ಬೇಕಲ್ಲ, ಹಾಗೆ. ಈ ಆರ್‌ಎಕ್ಸ್‌ಆರ್ ವಿಟಮಿನ್ ಎಗೊಂದೇ ಜೊತೆಗಾರನೂ ಅಲ್ಲ. ವಿಟಮಿನ್ ಡಿ ಗ್ರಾಹಕ, ಥೈರಾಯ್ಡ್ ಗ್ರಾಹಕ, ಕೊಬ್ಬಿನ ಕೋಶಗಳನ್ನು ಬೆಳೆಸುವ ಗ್ರಾಹಕ, ಇವೆಲ್ಲಕ್ಕೂ ಅದು ಬೇಕು. ಹಾಗಾಗಿ ಅದನ್ನು ಕೆದಕಿದರೆ ಪರಿಣಾಮ ಒಂದೇ ಕಡೆ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಬ್ರೂಸ್ ಬ್ಲಂಬರ್ಗ್ ಅವರ ತಂಡ 2006ರಲ್ಲಿ ತೋರಿಸಿದಂತೆ, ಗರ್ಭದಲ್ಲಿದ್ದಾಗ ಟಿಬಿಟಿ ಸೋಕಿದ ಇಲಿಮರಿಗಳ ಮೈಯಲ್ಲಿ ಕೊಬ್ಬು ಹೆಚ್ಚು ಸೇರಿತು.

ಮಗು ಗರ್ಭದಲ್ಲಿದ್ದಾಗ ಕೈಕಾಲು, ಹೃದಯ, ಮುಖ, ಮಿದುಳಿನ ಹಿಂಭಾಗ ಎಲ್ಲೆಲ್ಲಿ ಹೇಗೆ ಮೂಡಬೇಕು ಎಂಬುದರಲ್ಲಿ ರೆಟಿನಾಯಿಕ್ ಆಮ್ಲದ ಏರಿಳಿತ ನಿರ್ಣಾಯಕ. ಅದು ಕಡಿಮೆಯಾದರೂ ಕೆಡುಕು, ಹೆಚ್ಚಾದರೂ ಕೆಡುಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆ ಇದೇ ಆಮ್ಲದ ಒಂದು ರೂಪ. ಅದನ್ನು ನುಂಗುತ್ತಿರುವಾಗ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಕೂಡದು ಎಂದು ವೈದ್ಯರು ಖಡಾಖಂಡಿತ ಹೇಳುವುದು ಇದೇ ಕಾರಣಕ್ಕೆ. ಈ ಲೇಖನದ ಮುಖ್ಯ ಮಾತು ಇಲ್ಲೇ ಇದೆ: ಮಾಲಿನ್ಯ ವಿಟಮಿನ್ ಎಯನ್ನು ಕೆಡಿಸುತ್ತದೆ ಎಂದು ಕೇಳಿ ಔಷಧಿ ಅಂಗಡಿಗೆ ಓಡಿ ಗುಳಿಗೆ ತಂದು ನುಂಗುವುದು ಅಪಾಯ. ಕೆಟ್ಟಿರುವುದು ಸಂಕೇತವಾದರೆ ಹೆಚ್ಚು ವಿಟಮಿನ್ ಸುರಿದು ಸರಿಮಾಡಲಾಗದು. ಕೆಲವೊಮ್ಮೆ ಅದೇ ಕೆಡುಕನ್ನು ಹೆಚ್ಚಿಸಿಬಿಡುತ್ತದೆ.

ಇದಕ್ಕೆ ಬಹಳ ದುಬಾರಿಯಾದ ಸಾಕ್ಷಿಯಿದೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ಬೀಟಾ-ಕ್ಯಾರೋಟಿನ್ ಗುಳಿಗೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಧೂಮಪಾನಿಗಳಿಗೂ ಆಸ್ಬೆಸ್ಟಾಸ್ ಕಾರ್ಮಿಕರಿಗೂ ಬೀಟಾ-ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಏರಿತ್ತು. ಬೀಡಿ, ಸಿಗರೇಟು ಸೇದುವವರು ಮೊದಲು ಅದನ್ನು ಬಿಡಬೇಕು. ಬಿಡುವವರೆಗೆ ಬೀಟಾ-ಕ್ಯಾರೋಟಿನ್ ಡಬ್ಬಿಯ ಹತ್ತಿರ ಹೋಗಬಾರದು. ಸೊಪ್ಪು, ಹಣ್ಣಿಗೆ ಈ ಮಾತು ಅನ್ವಯಿಸುವುದಿಲ್ಲ.

ಇನ್ನು ಹೊಗೆಯ ವಿಷಯ. ಕರಾವಳಿಯ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು ಇದೇ ಎಂದು ನನ್ನ ನಂಬಿಕೆ. ಕ್ಲೋರಿನ್ ಇರುವ ವಸ್ತು ಅರೆಬರೆ ಉರಿದಾಗ ಡಯಾಕ್ಸಿನ್ ಹುಟ್ಟುತ್ತದೆ. ಡಯಾಕ್ಸಿನ್‌ಗಳಲ್ಲಿ ಅತ್ಯಂತ ವಿಷಕಾರಿಯಾದ ಟಿಸಿಡಿಡಿಯನ್ನು 1997ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಪ್ರಯೋಗದ ಪ್ರಾಣಿಗಳಲ್ಲಿ ಡಯಾಕ್ಸಿನ್ ಯಕೃತ್ತಿನ ವಿಟಮಿನ್ ಎ ಸಂಗ್ರಹವನ್ನು ಖಾಲಿ ಮಾಡುತ್ತದೆ, ಮೂತ್ರದಲ್ಲಿ ಹೊರಗೆ ಹೋಗುವಂತೆ ಮಾಡುತ್ತದೆ. ಗರ್ಭಿಣಿ ಇಲಿಗಳಿಗೆ ಡಯಾಕ್ಸಿನ್ ಜೊತೆ ರೆಟಿನಾಯಿಕ್ ಆಮ್ಲ ಕೊಟ್ಟಾಗ ಮರಿಗಳಲ್ಲಿ ಸೀಳು ಅಂಗಳು ಒಂದೊಂದನ್ನೇ ಕೊಟ್ಟದ್ದಕ್ಕಿಂತ ಬಹಳ ಹೆಚ್ಚಾಯಿತು. ವಿಟಮಿನ್ ಎ ಕೂಡ ಕೊಬ್ಬಿನಲ್ಲಿ ಕರಗುವಂಥದು, ಡಯಾಕ್ಸಿನ್ ಕೂಡ. ಎರಡೂ ದೇಹದಲ್ಲಿ ಒಂದೇ ಕಡೆ ನೆಲೆಸುತ್ತವೆ, ಮತ್ತು ಮನುಷ್ಯನ ಮೈಯಲ್ಲಿ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು.

ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕೊಟ್ಟೆ ತುರುಕುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಅದನ್ನು ಇಂದೇ ಬಿಡಬೇಕು. ಪಿವಿಸಿ ಪೈಪಿನ ತುಂಡು, ವಯರು, ರೆಕ್ಸಿನ್, ಬಣ್ಣ ಹಚ್ಚಿದ ದೋಣಿಯ ಹಲಗೆ, ಇವು ಯಾವ ಒಲೆಗೂ ಬೀಳಕೂಡದು. ಹೆಚ್ಚು ಜನ ಗಮನಿಸದ ಇನ್ನೊಂದಿದೆ: ಮಳೆಗಾಲದಲ್ಲಿ ದಡಕ್ಕೆ ಬಂದು ಬೀಳುವ ಕಟ್ಟಿಗೆ. ಉಪ್ಪುನೀರು ಕುಡಿದ ಮರದಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಸುಟ್ಟರೆ ಸಾಮಾನ್ಯ ಕಟ್ಟಿಗೆಗಿಂತ ಹೆಚ್ಚು ಡಯಾಕ್ಸಿನ್ ಹುಟ್ಟುತ್ತದೆ. ಬಡವರ ಮನೆಯ ಉರುವಲು ಅದು, ಸುಡಲೇಬೇಡಿ ಎಂದು ಹೇಳುವುದು ಸುಲಭವಲ್ಲ. ಆದರೆ ಅಡುಗೆಯ ಒಲೆಗೆ ಬೇಡ, ಮಗುವಿರುವ ಕೋಣೆಯ ಹತ್ತಿರ ಬೇಡ, ಅದರ ಬೂದಿ ಬಸಳೆ ಚಪ್ಪರದ ಬುಡಕ್ಕೂ ಬೇಡ. ಮನುಷ್ಯರಿಗೆ ಡಯಾಕ್ಸಿನ್ ಸೇರುವುದು ಶೇ 90ಕ್ಕೂ ಹೆಚ್ಚು ಆಹಾರದಿಂದ, ಅದರಲ್ಲೂ ಮಾಂಸ, ಹಾಲು, ಮೀನಿನ ಕೊಬ್ಬಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಕಸ ಸುಡುವ ಜಾಗದ ಹುಲ್ಲು ಮೇಯುವ ದನ, ಅಲ್ಲಿ ಕೆದಕುವ ಕೋಳಿ ಈ ವಿಷವನ್ನು ಮತ್ತೆ ಅಡುಗೆಮನೆಗೆ ತರುತ್ತವೆ.

ಪಿಸಿಬಿ ಎಂಬ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ರಾಸಾಯನಿಕ ಬೇರೆ ತಂತ್ರ ಹೂಡುತ್ತದೆ. ರಕ್ತದಲ್ಲಿ ವಿಟಮಿನ್ ಎಯ ವಾಹಕ ಇನ್ನೊಂದು ದೊಡ್ಡ ಪ್ರೋಟೀನಿಗೆ ಅಂಟಿಕೊಂಡು ಸಾಗುತ್ತದೆ. ಪಿಸಿಬಿಯ ಅವಶೇಷಗಳು ಆ ದೊಡ್ಡ ಪ್ರೋಟೀನನ್ನು ಹಿಡಿದಾಗ ವಾಹಕ ಕಳಚಿ, ಮೂತ್ರಪಿಂಡದಲ್ಲಿ ಸೋರಿಹೋಗುತ್ತದೆ. 1980ರ ದಶಕದಲ್ಲಿ ಹಾಲೆಂಡಿನಲ್ಲಿ ಸೀಲುಗಳ ಒಂದು ಗುಂಪಿಗೆ ಮಲಿನವಾದ ವಾಡೆನ್ ಸಮುದ್ರದ ಮೀನನ್ನೂ ಇನ್ನೊಂದು ಗುಂಪಿಗೆ ಶುಚಿಯಾದ ಅಟ್ಲಾಂಟಿಕ್ ಮೀನನ್ನೂ ತಿನ್ನಿಸಿದರು. ಮೊದಲ ಗುಂಪಿನ ರಕ್ತದಲ್ಲಿ ವಿಟಮಿನ್ ಎ, ಥೈರಾಯ್ಡ್ ಹಾರ್ಮೋನು ಎರಡೂ ಇಳಿದಿದ್ದವು, ಮರಿಗಳೂ ಕಡಿಮೆ ಹುಟ್ಟಿದವು.

ಮೀನು ಬಿಡಬೇಕೇ ಎಂದು ಕೇಳುವವರಿಗೆ ಸ್ಪಷ್ಟವಾಗಿ ಹೇಳುತ್ತೇನೆ: ಬಿಡಬೇಡಿ. ನಮ್ಮ ಬಂಗಡೆ, ತಾರ್ಲೆ ಸಣ್ಣ ಆಯುಷ್ಯದ ಮೀನು. ಬಹುಕಾಲ ಬದುಕಿ ಇತರ ಮೀನುಗಳನ್ನು ನುಂಗುವ ಶಾರ್ಕಿನಂಥವುಗಳಷ್ಟು ವಿಷ ಅವುಗಳಲ್ಲಿ ಶೇಖರವಾಗುವುದಿಲ್ಲ. ತಲೆಸಮೇತ ತಿನ್ನುವ ಸಣ್ಣ ಮೀನು ವಿಟಮಿನ್ ಎಯ ಒಳ್ಳೆಯ ಮೂಲವೂ ಹೌದು. ದೊಡ್ಡ ಮೀನಿನ ಯಕೃತ್ತು, ಹೊಟ್ಟೆಯ ಕೊಬ್ಬು ತೆಗೆದುಹಾಕಿ. ಬೇಯಿಸಿದರೆ ಈ ರಾಸಾಯನಿಕಗಳು ನಾಶವಾಗುವುದಿಲ್ಲ, ಕೊಬ್ಬು ಇಳಿದುಹೋದರೆ ಮಾತ್ರ ಅದರೊಂದಿಗೆ ಒಂದಷ್ಟು ಹೋಗುತ್ತವೆ. ಬೆಳಚು, ನೀಲಕಲ್ಲು, ಕಲವದ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಇವು ನೀರನ್ನು ಸೋಸಿ ತಿನ್ನುವ ಜೀವಿಗಳು, ಟಿಬಿಟಿಯನ್ನು ಬೇಗ ಕರಗಿಸಿ ಹೊರಹಾಕಲಾರವು. ಜೆಟ್ಟಿಯ ಕಂಬ, ಬೋಟು ದುರಸ್ತಿಯ ಜಾಗ, ಬಂದರಿನ ಗೋಡೆ, ಇಲ್ಲಿಂದ ಕಿತ್ತು ತರಬೇಡಿ. ಮಾರುವವರನ್ನು ಎಲ್ಲಿಯದು ಎಂದು ಕೇಳುವುದು ತಪ್ಪಲ್ಲ.

ಕಾರವಾರದ ನೀರಿನ ಬಗ್ಗೆ ಮಾತಾಡಿದರೆ ಪಾದರಸದ ಪ್ರಶ್ನೆ ಬಂದೇ ಬರುತ್ತದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸದ ಬಗ್ಗೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಪಾದರಸದ ದಾರಿ ಬೇರೆ, ಅದು ಮುಖ್ಯವಾಗಿ ನರಮಂಡಲಕ್ಕೆ ಹೊಡೆತ ಕೊಡುತ್ತದೆ. ಅದನ್ನೂ ವಿಟಮಿನ್ ಎ ಕೆಡಿಸುವ ವಿಷಗಳನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಬಣ್ಣದ ವಿಷಯಕ್ಕೆ ಮರಳೋಣ. ಟಿಬಿಟಿ ಬಣ್ಣಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೂಪುಗೊಂಡು 2008ರ ಸೆಪ್ಟೆಂಬರ್ 17ರಂದು ಜಾರಿಗೆ ಬಂತು. ನೀರಿನಲ್ಲಿ ಟಿಬಿಟಿ ಕೆಲವು ದಿನ, ವಾರಗಳಲ್ಲಿ ಒಡೆಯುತ್ತದೆ. ಆಮ್ಲಜನಕವಿಲ್ಲದ ಕೆಸರಿನಡಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಹೂಳೆತ್ತಿದಾಗ ಅದು ಮತ್ತೆ ನೀರಿಗೆ ಬರಬಹುದು. ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದಾಗ ಮುಂದಿದ್ದದ್ದು ಟಾಗೋರ್ ಕಡಲತೀರ ಉಳಿಸುವ ಪ್ರಶ್ನೆ. ಅದರ ಜೊತೆಗೆ ಕೆಸರಿನ ಪ್ರಶ್ನೆಯನ್ನೂ ಇಡಬೇಕಾಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲಿನಲ್ಲಿ ಯಾರು ಬೇಕಾದರೂ ಲಿಖಿತವಾಗಿ ಕೇಳಬಹುದು: ಎತ್ತುವ ಹೂಳಿನಲ್ಲಿ ತವರದ ಸಂಯುಕ್ತಗಳನ್ನು ಪರೀಕ್ಷಿಸಿದ್ದೀರಾ, ಆ ಹೂಳನ್ನು ಎಲ್ಲಿ ಸುರಿಯುತ್ತೀರಿ? ಕೇಣಿ, ಬೇಲೆಕೇರಿಯವರೂ ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಲಿ.

ಬೋಟಿನ ಮಾಲೀಕರು, ಕಲಾಸಿಗಳು ಮಾಡಬೇಕಾದ್ದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿದೆ. ಬೋಟು ದಡಕ್ಕೆ ಬಂದು, ತಳ ಕೆರೆದು ಬಣ್ಣ ಹೊಡೆಯುವ ಸಮಯ ಅದು. ಹಳೆಯ ಬೋಟಿನ ಒಳಪದರದಲ್ಲಿ ಯಾವ ಬಣ್ಣವಿತ್ತೆಂದು ಬರೆದಿಟ್ಟವರು ಅಪರೂಪ, ಹಾಗಾಗಿ ವಿಷವಿದೆ ಎಂದೇ ತಿಳಿದು ಕೆರೆಯುವುದು ಜಾಣತನ. ಕೆಳಗೆ ತಾಡಪಾಲು ಹಾಸಿ, ಒದ್ದೆ ಮಾಡಿ ಕೆರೆಯಿರಿ, ದೂಳು ಏಳಬಾರದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ದೂಳು ತಡೆಯುವ ಮಾಸ್ಕ್ ಬೇಕು. ಕೆರೆದ ಚೂರುಗಳನ್ನು ಸಮುದ್ರಕ್ಕೆ ಗುಡಿಸಬೇಡಿ, ಸುಡಬೇಡಿ. ಚೀಲದಲ್ಲಿ ಕಟ್ಟಿಟ್ಟು, ವಿಲೇವಾರಿ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರ ಕಚೇರಿಯನ್ನು ನಿಮ್ಮ ಸಹಕಾರ ಸಂಘದ ಮೂಲಕ ಕೇಳಿ. ಒಬ್ಬೊಬ್ಬರೇ ಕೇಳುವುದಕ್ಕಿಂತ ಸಂಘ ಕೇಳಿದರೆ ಉತ್ತರ ಬೇಗ ಬರುತ್ತದೆ. ಹೊಸ ಬಣ್ಣ ಕೊಳ್ಳುವಾಗ ತವರವಿಲ್ಲದ್ದು ಎಂಬ ಬರಹ ನೋಡಿ. ತವರವಿಲ್ಲದ ಬಣ್ಣದಲ್ಲೂ ಸಾಮಾನ್ಯವಾಗಿ ತಾಮ್ರವಿರುತ್ತದೆ, ಅದೂ ಕೈಗೆ, ಕಣ್ಣಿಗೆ ಸೋಕಬಾರದು. ಗೇರುಎಣ್ಣೆ, ಮೀನೆಣ್ಣೆ ಬಳಿಯುತ್ತಿದ್ದ ಮರದ ಪಾತಿದೋಣಿಗಳ ಕಾಲ ಹಿಂದಾಯಿತು, ಫೈಬರ್ ಬೋಟಿಗೆ ಆ ಲೇಪ ಹಿಡಿಯುವುದೂ ಇಲ್ಲ.

ಘಟ್ಟದ ಬುಡದ ಅಡಿಕೆ ತೋಟಗಳವರಿಗೆ ಇನ್ನೊಂದು ಸಂಗತಿ. ಅಚವೆ, ಹಿಲ್ಲೂರು ಕಡೆಯವರಿಗೆ ಎಲೆಚುಕ್ಕೆ ರೋಗದ ಕಾಟ ಗೊತ್ತಿದೆ. ಅದಕ್ಕೆ ಹೊಡೆಯುವ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಮೂರೂ ಟ್ರಯಜೋಲ್ ಗುಂಪಿನವು. ಅವು ಶಿಲೀಂಧ್ರದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಆ ಕಿಣ್ವದ ದೂರದ ಸಂಬಂಧಿಯೊಂದು ನಮ್ಮ ದೇಹದಲ್ಲೂ ಇದೆ. ಕೆಲಸ ಮುಗಿದ ರೆಟಿನಾಯಿಕ್ ಆಮ್ಲವನ್ನು ಒಡೆದು ಹಾಕುವುದು ಅದರ ಕರ್ತವ್ಯ. ಅದು ನಿಂತರೆ ಆಮ್ಲ ಭ್ರೂಣದಲ್ಲಿ ಬೇಡವಾದ ಕಡೆ ಉಳಿಯುತ್ತದೆ. ಇಲಿಯ ಭ್ರೂಣಗಳ ಮೇಲೆ ಹೆಚ್ಚಿನ ಪ್ರಮಾಣದಲ್ಲಿ ಪ್ರಯೋಗಿಸಿದಾಗ ಟ್ರಯಜೋಲ್ ಗುಂಪಿನ ಕೆಲವು ಔಷಧಿಗಳು ಮುಖ, ದವಡೆಯ ರಚನೆಯನ್ನು ಕೆಡಿಸಿವೆ. ವಿಟಮಿನ್ ಎ ಅತಿಯಾದಾಗ ಆಗುವಂಥದೇ ದೋಷ ಅದು. ಹುಟ್ಟಲಿರುವ ಮಗುವಿಗೆ ಹಾನಿ ಮಾಡಬಲ್ಲ ವಸ್ತುಗಳ ವರ್ಗಕ್ಕೆ ಸೇರಿದ ಪ್ರೊಪಿಕೊನಜೋಲ್‌ಗೆ ಯುರೋಪ್ ಒಕ್ಕೂಟ 2018ರಲ್ಲಿ ಅನುಮತಿ ನವೀಕರಿಸಲಿಲ್ಲ. ಮನುಷ್ಯರಲ್ಲಿ ಇಲಿಗಳಷ್ಟು ಖಚಿತ ಸಾಕ್ಷಿಯಿಲ್ಲ. ಆದರೆ ಗರ್ಭದ ಮೂರರಿಂದ ಎಂಟನೆಯ ವಾರದೊಳಗೆ, ಅನೇಕರಿಗೆ ತಾವು ಗರ್ಭಿಣಿ ಎಂದು ತಿಳಿಯುವ ಹೊತ್ತಿಗೇ, ಮಗುವಿನ ಮುಖ ಮೂಡುತ್ತಿರುತ್ತದೆ. ಸಾಕ್ಷಿಗಾಗಿ ಕಾಯುವ ಸಮಯ ಅದಲ್ಲ.

ಹಾಗಾಗಿ ಮಗು ಬೇಕೆಂದಿರುವ, ಗರ್ಭಿಣಿಯಾಗಿರುವ ಹೆಂಗಸರು ಔಷಧಿ ಕಲಸುವುದು, ಪಂಪಿಗೆ ಸುರಿಯುವುದು, ಹೊಡೆದ ತೋಟದಲ್ಲಿ ಮರುದಿನವೇ ಸೋಗೆ ಎಳೆಯುವುದು ಬೇಡ. ಗಂಡಸರು ಹೊಡೆದು ಬಂದ ಬಟ್ಟೆಯನ್ನು ಅವರೇ ಬೇರೆ ಬಕೆಟಿನಲ್ಲಿ ನೆನೆಸಿ ತೊಳೆಯಲಿ. ಈ ಕೆಲಸ ನಮ್ಮ ಮನೆಗಳಲ್ಲಿ ಯಾವಾಗಲೂ ಹೆಂಗಸರ ಪಾಲಿಗೇ ಬರುತ್ತದೆ, ಅದು ನಿಲ್ಲಬೇಕು. ಖಾಲಿ ಬಾಟಲಿ ಹಳ್ಳಕ್ಕೆ ಬೀಳಬಾರದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಈ ದಾರಿಯಲ್ಲಿ ಕೆಲಸ ಮಾಡುವುದಿಲ್ಲ. ಹಳ್ಳದ ಮೀನಿಗೆ ಮಾತ್ರ ಅದು ವಿಷವೇ.

ಕೀಟನಾಶಕವೆಂದರೆ ಎಂಡೋಸಲ್ಫಾನ್ ನೆನಪಾಗದೆ ಇರದು. ಕೇರಳದ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಸಂಕಟವನ್ನು ಪತ್ರಕರ್ತ ಶ್ರೀ ಪಡ್ರೆ, ವೈದ್ಯ ಮೋಹನ್ ಕುಮಾರ್ ಹೊರಜಗತ್ತಿಗೆ ತಿಳಿಸಿದರು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಇದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಕರ್ನಾಟಕ ಸರ್ಕಾರ ಉತ್ತರ ಕನ್ನಡವೂ ಸೇರಿ ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಸಂತ್ರಸ್ತರನ್ನು ಗುರುತಿಸಿದೆ. ಕೋಶಗಳ ಮೇಲಿನ ಪ್ರಯೋಗದಲ್ಲಿ ಎಂಡೋಸಲ್ಫಾನ್ ಸೇರಿ ಕೆಲವು ಕ್ಲೋರಿನ್ ಕೀಟನಾಶಕಗಳು ಆರ್‌ಎಆರ್ ಗ್ರಾಹಕಗಳನ್ನು ಚಾಲೂ ಮಾಡಿವೆ. ಪಡ್ರೆಯ ಮಕ್ಕಳಿಗೆ ಆದದ್ದೆಲ್ಲ ಇದರಿಂದಲೇ ಎಂದು ಹೇಳಲು ಆ ಪ್ರಯೋಗ ಸಾಲದು, ಆ ವಿಷಕ್ಕೆ ದೇಹದಲ್ಲಿ ಹಲವು ದಾರಿಗಳಿವೆ. ಹಳೆಯ ಡಬ್ಬಿ ಯಾರ ಕೊಟ್ಟಿಗೆಯ ಅಟ್ಟದಲ್ಲಾದರೂ ಉಳಿದಿದ್ದರೆ ತೆರೆಯದೆ ಕೃಷಿ ಇಲಾಖೆಗೆ ತಿಳಿಸಿ.

ಊಟದ ಮಾತು ಸರಳ. ಹಾಲಕ್ಕಿ ಹೆಂಗಸರು ಅಂಕೋಲೆ ಪೇಟೆಗೆ ತರುವ ಕೆಂಪು ಹರಿವೆ, ಬಸಳೆ, ಹಿತ್ತಲಿನ ನುಗ್ಗೆಸೊಪ್ಪು, ಕೆಸು, ಪಪ್ಪಾಯಿ, ಸಿಹಿಗುಂಬಳ, ಬೇಸಿಗೆಯ ಕೊನೆಗೆ ಭೌಗೋಳಿಕ ಗುರುತು ಪಡೆದ ಕರಿ ಈಶಾಡ ಮಾವು. ಇವುಗಳಲ್ಲಿರುವ ಕ್ಯಾರೋಟಿನನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎಯಾಗಿ ಮಾರ್ಪಡಿಸಿಕೊಳ್ಳುತ್ತದೆ. ತಿಂದದ್ದು ಹೆಚ್ಚಾಯಿತೆಂದು ಭ್ರೂಣಕ್ಕೆ ಹಾನಿಯಾಗುವುದಿಲ್ಲ. ಸೊಪ್ಪನ್ನು ಬೇಯಿಸಿ, ಒಂದು ಚಮಚ ತೆಂಗಿನೆಣ್ಣೆಯ ಒಗ್ಗರಣೆ ಹಾಕಿ, ಎಣ್ಣೆಯಿಲ್ಲದೆ ಕ್ಯಾರೋಟಿನ್ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ದಿನವೂ ಮದ್ಯ ಕುಡಿಯುವವರ ಯಕೃತ್ತಿನಲ್ಲಿ ವಿಟಮಿನ್ ಎ ಸಂಗ್ರಹ ಕರಗುತ್ತದೆ. ಅವರಿಗೆ ಗುಳಿಗೆ ಕೊಟ್ಟರೆ ಯಕೃತ್ತು ಇನ್ನಷ್ಟು ಹಾಳಾಗಬಹುದು.

ಔಷಧಿ ಅಂಗಡಿಯಲ್ಲಿ 25,000, 50,000 ಯೂನಿಟ್‌ನ ವಿಟಮಿನ್ ಎ ಗುಳಿಗೆಗಳು ಸಿಗುತ್ತವೆ. ಗರ್ಭಿಣಿಯರಿಗೆ ದಿನಕ್ಕೆ 10,000 ಯೂನಿಟ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗಡಿ. ಶಾರ್ಕ್ ಯಕೃತ್ತಿನ ಎಣ್ಣೆ, ವಾರವಾರ ಕುರಿಯ ಯಕೃತ್ತು, ಇವೂ ಗರ್ಭಿಣಿಯರಿಗೆ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿದೇಶಿ ಕಾಡ್ ಎಣ್ಣೆ ನಿಂತಾಗ ನಮ್ಮ ಪಶ್ಚಿಮ ಕರಾವಳಿಯ ಶಾರ್ಕ್ ಎಣ್ಣೆಯೇ ದೇಶಕ್ಕೆ ವಿಟಮಿನ್ ಒದಗಿಸಿತು, ಹಾಗಾಗಿ ಹಳಬರಿಗೆ ಅದರ ಮೇಲೆ ಗೌರವವಿದೆ. ಆದರೆ ಕೊಬ್ಬಿನಲ್ಲಿ ಕರಗುವ ವಿಷಗಳೂ ಅದೇ ಯಕೃತ್ತಿನಲ್ಲಿ ಸೇರಿರುತ್ತವೆ.

ಇದನ್ನೆಲ್ಲ ಓದಿ ಅಂಗನವಾಡಿಯಲ್ಲಿ ಮಗುವಿಗೆ ಹಾಕುವ ವಿಟಮಿನ್ ಎ ದ್ರವಕ್ಕೆ ಹೆದರಬೇಡಿ. 1970ರಲ್ಲಿ ಆರಂಭವಾದ ಆ ಕಾರ್ಯಕ್ರಮ ಅಸಂಖ್ಯ ಮಕ್ಕಳ ಕಣ್ಣು ಉಳಿಸಿದೆ. ಒಂಬತ್ತನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ, ಒಟ್ಟು ಒಂಬತ್ತು ಸಲ. ತಾಯಿ ಕಾರ್ಡಿನಲ್ಲಿ ಪ್ರತಿ ಸಲದ ದಿನಾಂಕ ಬರೆಸಿಕೊಳ್ಳಿ, ಒಂದೇ ಅವಧಿಯಲ್ಲಿ ಎರಡು ಕಡೆ ಹಾಕಿಸಬೇಡಿ, ಹಾಕಿಸಿದ ಮೇಲೆ ಮನೆಯಲ್ಲಿ ಬೇರೆ ವಿಟಮಿನ್ ಎ ಹನಿ ಕೊಡುತ್ತಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.